ಬ್ರಿಲಿಯಂಟ್ ಡೈಮಂಡ್: ಹೊಸದಾಗಿ ಕಟ್ಟಿದ್ದು ಗಟ್ಟಿ, ಹಾಗೆಯೇ ಎತ್ತಿಟ್ಟದ್ದು ಪೊಳ್ಳು

ಪೋಕೆಮಾನ್ ಎಂಬ ಜೀವಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ವಿಡಿಯೊ ಆಟ ಪೋಕೆಮಾನ್ ಬ್ರಿಲಿಯಂಟ್ ಡೈಮಂಡ್ 2021ರ ನವೆಂಬರ್ 19ರಂದು ನಿಂಟೆಂಡೊ ಸ್ವಿಚ್‌ಗೆ ಬಂತು. 2006ರಲ್ಲಿ ನಿಂಟೆಂಡೊದ ಹಳೆಯ ಯಂತ್ರ ಡಿಎಸ್‌ಗೆ ಬಂದಿದ್ದ ಡೈಮಂಡ್ ಆಟದ ಮರುನಿರ್ಮಾಣ ಇದು. ಜೋಡಿ ಆಟ ಶೈನಿಂಗ್ ಪರ್ಲ್. ಈ ಸಲ ಕೆಲಸ ಮಾಡಿದ್ದು ಇಲ್ಕಾ ಎಂಬ ಕಂಪನಿ. ಕಥೆ ಮುಗಿಸಿ, ನ್ಯಾಷನಲ್ ಡೆಕ್ಸ್ (ಎಲ್ಲ ಪ್ರದೇಶಗಳ ಪೋಕೆಮಾನ್ ಪಟ್ಟಿ) ದಾಟಿ, ಕಥೆಯ ಆಚೆಗಿನ ಕಾಳಗದ ಜಾಗ ಬ್ಯಾಟಲ್ ಟವರಿನವರೆಗೂ ಆಡಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇಲ್ಕಾದವರು ಎಲ್ಲೆಲ್ಲಿ ಹೊಸದಾಗಿ ಯೋಚಿಸಿದ್ದಾರೋ ಅಲ್ಲೆಲ್ಲ ಆಟ ಗೆದ್ದಿದೆ. 2006ರದ್ದನ್ನು ಮುಟ್ಟದೆ ಎತ್ತಿಟ್ಟ ಕಡೆಗಳಲ್ಲೆಲ್ಲ ಸೋತಿದೆ.

ಗೆದ್ದದ್ದರಲ್ಲಿ ಮೊದಲನೆಯದು ಗ್ರ್ಯಾಂಡ್ ಅಂಡರ್‌ಗ್ರೌಂಡ್ ಎಂಬ ನೆಲದಡಿಯ ಸುರಂಗಲೋಕ. ಎಟರ್ನಾ ಊರಿನಲ್ಲಿ ಎಕ್ಸ್‌ಪ್ಲೋರರ್ ಕಿಟ್ ಸಿಕ್ಕಿದ ಕೂಡಲೇ ಕೆಳಗಿಳಿಯಬಹುದು. ಸುರಂಗಗಳ ನಡುನಡುವೆ ಹೈಡ್‌ಅವೇ ಎಂಬ ದೊಡ್ಡ ಗುಹೆಗಳು ಉಂಟು. ಅಲ್ಲಿ ಪೋಕೆಮಾನ್‌ಗಳು ಕಣ್ಣಿಗೆ ಕಾಣುವ ಹಾಗೆ ಓಡಾಡುತ್ತವೆ, ಬೇಕಾದ್ದರ ಹತ್ತಿರ ಹೋಗಿ ಹಿಡಿದರಾಯಿತು. ಹಳೆಯ ಡೈಮಂಡ್‌ನಲ್ಲಿ ಬೆಂಕಿ ಜಾತಿಯವು ಬೇಕೆಂದರೆ ಚಿಮ್‌ಚಾರ್ ಅಥವಾ ಪೊನಿಟಾ, ಅಷ್ಟೇ. ಈಗ ಜ್ವಾಲಾಮುಖಿ ಗುಹೆಗೆ ಹೋದರೆ ಹೌಂಡೌರ್, ಮ್ಯಾಗ್ಬಿ ಸಿಗುತ್ತವೆ. ಕಥೆ ಮುಂದೆ ಹೋದ ಹಾಗೆ ಕೆಳಗಿನವುಗಳ ಲೆವೆಲ್ಲೂ ಏರುತ್ತದೆ, ಹಾಗಾಗಿ ಹಿಡಿದದ್ದನ್ನು ಅಂದೇ ತಂಡಕ್ಕೆ ಸೇರಿಸಬಹುದು. ಮರಿ ಹಾಕಿಸಿದರೆ ಮಾತ್ರ ಬರುವ ಎಗ್ ಮೂವ್‌ಗಳು (ಮೂವ್ ಎಂದರೆ ಕಾಳಗದ ಪಟ್ಟು) ಇಲ್ಲಿಯವಕ್ಕೆ ಹಲವು ಸಲ ಮೊದಲೇ ಇರುತ್ತವೆ. ಹಿಡಿದ ತಕ್ಷಣ ಮೂವ್ ಪಟ್ಟಿ ನೋಡದೆ ಬಿಟ್ಟುಬಿಡಬೇಡಿ. ಗೋಡೆ ಅಗೆದು ಸಿಕ್ಕಿದ ಪ್ರತಿಮೆಗಳನ್ನು ಸೀಕ್ರೆಟ್ ಬೇಸ್ ಎಂಬ ನಿಮ್ಮದೇ ಗುಪ್ತ ಕೋಣೆಯಲ್ಲಿ ಇಟ್ಟರೆ, ಅವುಗಳ ಜಾತಿಗೆ ತಕ್ಕಂತೆ ಗುಹೆಯಲ್ಲಿ ಬರುವ ಪೋಕೆಮಾನ್‌ಗಳ ಪ್ರಮಾಣ ಬದಲಾಗುತ್ತದೆ. ದಾರಿಯಲ್ಲಿ ಮಿನುಗುವ ಚುಕ್ಕೆಗಳನ್ನು 40 ಕೂಡಿಸಿದರೆ ನಾಲ್ಕು ನಿಮಿಷ ಶೈನಿ (ಬೇರೆ ಬಣ್ಣದ ಅಪರೂಪದ ಪೋಕೆಮಾನ್) ಬರುವ ಸಾಧ್ಯತೆ 4096ಕ್ಕೆ ಒಂದರಿಂದ 2048ಕ್ಕೆ ಒಂದಾಗುತ್ತದೆ. 38-39 ಆದಾಗ ನಿಲ್ಲಿಸಿ, ಬೇಕಾದ ಗುಹೆಯ ಬಾಗಿಲಿಗೆ ಬಂದು ಉಳಿದದ್ದನ್ನು ಹೆಕ್ಕಿಕೊಳ್ಳಿ. ಇಲ್ಲದಿದ್ದರೆ ಆ ನಾಲ್ಕು ನಿಮಿಷ ನಡೆಯುವುದರಲ್ಲೇ ಮುಗಿಯುತ್ತದೆ.

ಎರಡನೆಯ ಗೆಲುವು ಪೋಕೆಮಾನ್ ಲೀಗ್, ಅಂದರೆ ಕಥೆಯ ಕೊನೆಯ ಕಾಳಗಗಳ ಸರಣಿ. ಇಷ್ಟು ಕಠಿಣವಾದ ಕೊನೆಯ ಹಂತ ಈ ಸರಣಿಯಲ್ಲಿ ಅಪರೂಪ. ಎದುರಾಳಿಗಳ ಕೈಯಲ್ಲಿ ಸರಿಯಾದ ಐಟಂ, ಯೋಚಿಸಿ ಕೊಟ್ಟ ಮೂವ್‌ಗಳು. ಚಾಂಪಿಯನ್ ಸಿಂಥಿಯಾಳ ತಂಡ 60ರಿಂದ 66ರ ಲೆವೆಲ್ಲಿನದು. ಅವಳ ಮಿಲೊಟಿಕ್ ಎಂಬ ಪೋಕೆಮಾನ್ ಫ್ಲೇಮ್ ಆರ್ಬ್ ಎಂಬ ಐಟಂ ಹಿಡಿದು ತನಗೆ ತಾನೇ ಸುಟ್ಟ ಗಾಯ ಮಾಡಿಕೊಳ್ಳುತ್ತದೆ, ಆಗ ಮಾರ್ವೆಲ್ ಸ್ಕೇಲ್ ಎಂಬ ಹುಟ್ಟುಗುಣದಿಂದ ಫಿಸಿಕಲ್ ದಾಳಿಗೆ ಅದರ ರಕ್ಷಣೆ ಒಂದೂವರೆ ಪಟ್ಟಾಗುತ್ತದೆ. ಹೊಡೆತ ಕೊಡುವುದಾದರೆ ಅದಕ್ಕೆ ಸ್ಪೆಷಲ್ ದಾಳಿಯೇ ಕೊಡಬೇಕು. ಅವಳ ಗಾರ್ಚೊಂಪ್ ಹಿಮದ ದಾಳಿಗೆ ನಾಲ್ಕು ಪಟ್ಟು ಬಲಹೀನ ಎಂದುಕೊಂಡು ಒಂದೇ ಐಸ್ ಬೀಮ್ ನಂಬಿ ಹೋದರೆ ಕೈಕೊಡುತ್ತದೆ, ಯಾಕೆಂದರೆ ಅದರ ಕೈಯಲ್ಲಿರುವ ಯಾಚೆ ಬೆರ್ರಿ ಮೊದಲ ಹಿಮದಾಳಿಯನ್ನು ಅರ್ಧ ಮಾಡುತ್ತದೆ. ಫೇರಿ ಜಾತಿಯದ್ದನ್ನು ಇಳಿಸಿದರೆ ಪಾಯ್ಸನ್ ಜ್ಯಾಬ್ ಕಾದಿರುತ್ತದೆ. ಮಾಮೊಸ್ವೈನ್‌ನ ಐಸ್ ಶಾರ್ಡ್ ಮೊದಲೇ ತಗಲುವ ಮೂವ್. ಬೆರ್ರಿ ಖರ್ಚಾದ ಮೇಲೆ, ಗಾರ್ಚೊಂಪ್ ಸ್ವೋರ್ಡ್ಸ್ ಡ್ಯಾನ್ಸ್ ಮಾಡಿ ಬಲ ಏರಿಸಿಕೊಂಡಿದ್ದರೂ, ಎರಡನೆಯ ಏಟು ಇದರಿಂದ ಕೊಡಿ. ಪೈಲೊಸ್ವೈನ್ ಮಾಮೊಸ್ವೈನ್ ಆಗಬೇಕಾದರೆ ಏನ್ಶಿಯೆಂಟ್ ಪವರ್ ಎಂಬ ಮೂವ್ ಗೊತ್ತಿದ್ದು ಲೆವೆಲ್ ಏರಬೇಕು. ಆ ಮೂವನ್ನು ಪ್ಯಾಸ್ಟೋರಿಯಾ ಊರಿನಲ್ಲಿ ಒಂದು ಹಾರ್ಟ್ ಸ್ಕೇಲ್ ಕೊಟ್ಟು ನೆನಪಿಸಬಹುದು, ಹಾರ್ಟ್ ಸ್ಕೇಲ್ ಅಂಡರ್‌ಗ್ರೌಂಡಿನಲ್ಲಿ ಅಗೆದರೆ ಸಿಗುತ್ತದೆ.

ತೊಂದರೆ ಏನೆಂದರೆ, ಲೀಗಿಗೆ ಮುಂಚೆ ಊರೂರಲ್ಲಿ ಗೆಲ್ಲಬೇಕಾದ ಎಂಟು ಜಿಮ್‌ಗಳು ಅದಕ್ಕೆ ತಯಾರಿಯೇ ಕೊಡುವುದಿಲ್ಲ. ಎಕ್ಸ್‌ಪಿ ಶೇರ್ (ಒಂದು ಕಾಳಗದ ಅನುಭವದ ಅಂಕ ಇಡೀ ತಂಡಕ್ಕೆ ಸಿಗುವ ಏರ್ಪಾಡು) ಯಾವಾಗಲೂ ಚಾಲೂ, ಆಫ್ ಮಾಡುವ ದಾರಿ ಇಲ್ಲ. ಹಳೆಯ ಜಿಮ್‌ಗಳು ಅದು ಹೀಗೆ ಇಡೀ ತಂಡಕ್ಕೆ ಸಿಗದಿದ್ದ ಕಾಲಕ್ಕೆ ಲೆಕ್ಕ ಹಾಕಿದವು. ಅದರ ಮೇಲೆ ಸ್ನೇಹದ ಲಾಭ ಬೇರೆ: ಸ್ನೇಹ ಹೆಚ್ಚಾದ ಪೋಕೆಮಾನ್ ಸಾಯುವ ಏಟಿಗೂ ಒಂದು ಎಚ್‌ಪಿ ಉಳಿಸಿಕೊಳ್ಳುತ್ತದೆ, ವಿಷ ತಾನೇ ಇಳಿಸಿಕೊಳ್ಳುತ್ತದೆ, ಕ್ರಿಟಿಕಲ್ ಹೆಚ್ಚು ಹೊಡೆಯುತ್ತದೆ. ಇದನ್ನೂ ನಿಲ್ಲಿಸಲಾಗದು. ಸವಾಲು ಬೇಕಾದವರು ಹೀಗೆ ಮಾಡಿ. ಆರರ ಬದಲು ಹತ್ತು-ಹನ್ನೆರಡು ಪೋಕೆಮಾನ್ ಸಾಕಿ, ಬಾಕ್ಸಿನಿಂದ ಅದಲುಬದಲು ಮಾಡುತ್ತಾ ಇರಿ, ಎಕ್ಸ್‌ಪಿ ಹಂಚಿಹೋಗುತ್ತದೆ. ಬ್ಯಾಟಲ್ ಸ್ಟೈಲ್ ಸೆಟ್ ಎಂದಿಡಿ, ಆಗ ಎದುರಾಳಿಯ ಪೋಕೆಮಾನ್ ಬಿದ್ದಾಗ ನಿಮ್ಮದನ್ನು ಪುಕ್ಕಟೆ ಬದಲಿಸಲು ಆಗದು. ಸ್ನೇಹ ಇಳಿಸಬೇಕಾದರೆ ಎಟರ್ನಾದ ಮೂಲಿಕೆ ಅಂಗಡಿಯ ಕಹಿ ಮದ್ದುಗಳನ್ನು, ಎನರ್ಜಿ ರೂಟ್ ಅಥವಾ ರಿವೈವಲ್ ಹರ್ಬ್, ತಿನ್ನಿಸಿ.

ಇನ್ನು ದೊಡ್ಡ ನಷ್ಟಕ್ಕೆ ಬರೋಣ. 2008ರಲ್ಲಿ ಪ್ಲಾಟಿನಂ ಎಂಬ ಪರಿಷ್ಕೃತ ಆಟ ಬಂದು ಡೈಮಂಡ್‌ನ ಕೊರತೆಗಳನ್ನು ಒಂದೊಂದಾಗಿ ಸರಿಮಾಡಿತ್ತು. ಪ್ರಾದೇಶಿಕ ಪೋಕೆಮಾನ್ ಪಟ್ಟಿ 210ಕ್ಕೆ ಏರಿತ್ತು, ಡಿಸ್ಟಾರ್ಷನ್ ವರ್ಲ್ಡ್ ಎಂಬ ವಿಚಿತ್ರ ಲೋಕ ಬಂದಿತ್ತು, ಐದು ಬಗೆಯ ಕಾಳಗದ ಬ್ಯಾಟಲ್ ಫ್ರಾಂಟಿಯರ್ ಬಂದಿತ್ತು. ಈ ಮರುನಿರ್ಮಾಣ ಅದನ್ನೆಲ್ಲ ಪಕ್ಕಕ್ಕಿಟ್ಟು ಹಿಂದಕ್ಕೆ ನಡೆದಿದೆ. ಪರಿಣಾಮ ಕಣ್ಣಿಗೆ ರಾಚುತ್ತದೆ: ಲೀಗಿನಲ್ಲಿ ಬೆಂಕಿಯ ಪರಿಣತ ಎನಿಸಿಕೊಂಡ ಫ್ಲಿಂಟ್‌ನ ಮೊದಲ ತಂಡದ ಐದರಲ್ಲಿ ಬೆಂಕಿಯವು ಎರಡೇ. ಉಳಿದವು ಸ್ಟೀಲಿಕ್ಸ್, ಡ್ರಿಫ್‌ಬ್ಲಿಮ್, ಲೊಪನಿ. ವಿದ್ಯುತ್ತಿನ ಜಿಮ್ ನಾಯಕ ವೋಕ್ನರ್‌ನ ನಾಲ್ಕರಲ್ಲೂ ವಿದ್ಯುತ್ತಿನವು ಎರಡೇ. ನೆಲದ ಕೆಳಗೆ ಅಷ್ಟೊಂದು ಹೊಸ ಜೀವಿಗಳನ್ನು ತುಂಬಿದವರು ಅವುಗಳಲ್ಲಿ ನಾಲ್ಕನ್ನು ಇವರಿಬ್ಬರಿಗೆ ಹಂಚಬಾರದಿತ್ತೇ? ಇದಕ್ಕೆ ತಾಂತ್ರಿಕ ಕಾರಣ ಕಾಣುವುದಿಲ್ಲ, ಮನಸ್ಸು ಮಾಡಿಲ್ಲ ಅಷ್ಟೇ. ಮೂವ್ ಕಲಿಸುವ ಟಿಎಂಗಳೂ ಒಂದು ಸಲ ಬಳಸಿದರೆ ಮುಗಿಯಿತು. ಆದರೆ ಎಚ್‌ಎಂ (ಮರ ಕಡಿಯಲು, ಹಾರಲು ತಂಡದವಕ್ಕೆ ಕಲಿಸಲೇಬೇಕಿದ್ದ ಮೂವ್‌ಗಳು) ಕಾಟ ತಪ್ಪಿದ್ದು ನಿಜಕ್ಕೂ ಒಳ್ಳೆಯದು. ಪೊಕೆಚ್ ಎಂಬ ಕೈಗಡಿಯಾರ ಒತ್ತಿದರೆ ಕಾಡಿನ ಬಿಡೂಫೋ ಸ್ಟಾರಾಪ್ಟರೋ ಬಂದು ಕೆಲಸ ಮಾಡಿಕೊಟ್ಟು ಹೋಗುತ್ತದೆ, ತಂಡದಲ್ಲಿ ಜಾಗ ಕೊಡಬೇಕಿಲ್ಲ.

ನಡಿಗೆಯ ದೋಷ ದಿನವೂ ಕಾಡುವಂಥದ್ದು. ಊರು, ದಾರಿ ಎಲ್ಲ ಹಳೆಯ ಚೌಕಳಿ ಲೆಕ್ಕದಲ್ಲಿವೆ, ಆದರೆ ಸ್ಟಿಕ್ ಎಲ್ಲ ದಿಕ್ಕಿಗೂ ತಿರುಗುತ್ತದೆ. ಓರೆಯಾಗಿ ಓಡಿದರೆ ಮೂಲೆ, ಬೇಲಿ, ಮೇಜಿಗೆ ಸಿಕ್ಕಿಕೊಳ್ಳುತ್ತದೆ. ಇಕ್ಕಟ್ಟಿನ ಕಡೆ ದಿಕ್ಕಿನ ಗುಂಡಿ ಬಳಸಿ. ಈ ಒಂದು ಕಾರಣಕ್ಕೆ ಸರಿಯಾದ ಡಿ-ಪ್ಯಾಡ್ ಇರುವ ಸ್ವಿಚ್ ಲೈಟ್ ಈ ಆಟಕ್ಕೆ ಹೆಚ್ಚು ಹಿತ.

ಕಾಸರಗೋಡಿನ ಕಡೆಯವರಿಗೆ ಕೊಳ್ಳುವ ವಿಷಯ. ನಿಂಟೆಂಡೊದ ಇ-ಶಾಪ್‌ಗೆ ಭಾರತದ ವಿಭಾಗ ಇಲ್ಲ, ಹೊರದೇಶದ ಖಾತೆ ಮಾಡಿಕೊಂಡರೆ ಹಣ ಕಟ್ಟುವುದು ರಗಳೆ. ಕುಂಬಳೆಯಿಂದ ಕಾಞಂಗಾಡಿನವರೆಗೆ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ರಜೆಗೆ ಬರುವವರ ಕೈಯಲ್ಲಿ ಕಾರ್ಟ್ರಿಜ್ ತರಿಸುವುದೇ ಸುಲಭ. ದುಬೈಯದ್ದಾಗಲಿ ಜಪಾನಿನದ್ದಾಗಲಿ ಯಾವ ಸ್ವಿಚ್ಚಿಗೂ ಹಾಕಬಹುದು, ಒಳಗೆ ಒಂಬತ್ತು ಭಾಷೆಗಳಿವೆ. ಶುರುವಿನಲ್ಲಿ ಆರಿಸಿದ ಭಾಷೆಯನ್ನು ಆಮೇಲೆ ಬದಲಿಸಲಾಗದು, ಅವಸರದಲ್ಲಿ ಒತ್ತಬೇಡಿ. ಕಾರ್ಟ್ರಿಜ್‌ನಲ್ಲಿ ಇರುವುದು ಅರೆಬೆಂದ 1.0.0 ಆವೃತ್ತಿ; ಹಳೆಯ ಆಟಗಳ ದೊಡ್ಡ ಪೋಕೆಮಾನ್‌ಗಳು ಸಿಗುವ ರಮಾನಾಸ್ ಪಾರ್ಕ್, ಉಡುಗೊರೆ ಪಡೆಯುವ ಮಿಸ್ಟರಿ ಗಿಫ್ಟ್ ಎಲ್ಲ ಅಪ್‌ಡೇಟಿನಲ್ಲೇ ಬರುವವು. ಮಳೆಗಾಲದಲ್ಲಿ ನೆಟ್ ಕೈಕೊಟ್ಟರೆ, ಅಪ್‌ಡೇಟ್ ಆದ ಇನ್ನೊಂದು ಸ್ವಿಚ್ಚನ್ನು ಪಕ್ಕದಲ್ಲಿಟ್ಟು, ಸಾಫ್ಟ್‌ವೇರ್ ಅಪ್‌ಡೇಟ್ ಮೆನುವಿನಲ್ಲಿ ಹತ್ತಿರದವರೊಂದಿಗೆ ಆವೃತ್ತಿ ಹೊಂದಿಸುವ ಆಯ್ಕೆ ಒತ್ತಿ, ಅದು ನೆಟ್ಟಿಲ್ಲದೆಯೂ ನಡೆಯುತ್ತದೆ. ಮನೆಯಲ್ಲಿ ಮಕ್ಕಳಿಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿಕೊಡಿ, ಒಬ್ಬ ಯೂಸರಿಗೆ ಒಂದೇ ಸೇವ್. ಆಟಿ ತಿಂಗಳ ತೇವಕ್ಕೆ ಕಾರ್ಟ್ರಿಜ್ ಓದದೆ ಹೋದರೆ ಬಾಯಲ್ಲಿ ಊದಬೇಡಿ, ಒಣ ಹತ್ತಿಯಿಂದ ಲೋಹದ ಭಾಗ ಮೆಲ್ಲನೆ ಒರೆಸಿ.

ಲೀಗ್ ಮುಗಿದ ಮೇಲೂ ಕೆಲಸ ಉಂಟು. ನ್ಯಾಷನಲ್ ಡೆಕ್ಸಿಗೆ ಆಟ ನಡೆಯುವ ಸಿನ್ನೋ ಪ್ರದೇಶದ 150ನ್ನೂ ನೋಡಿದರೆ ಸಾಕು, ಹಿಡಿಯಬೇಕಿಲ್ಲ. ನಿಮ್ಮ ಆಟದಲ್ಲಿ ಸಿಗದ ಪಾಲ್ಕಿಯಾ ಪಟ್ಟಿಗೆ ಸೇರದಿದ್ದರೆ ಸೆಲೆಸ್ಟಿಕ್ ಊರಿನ ಅಜ್ಜಿಯ ಹತ್ತಿರ ಮಾತಾಡಿ, ಚಿತ್ರ ತೋರಿಸುತ್ತಾಳೆ. ಆಮೇಲೆ ಅಡಗಿದ ಪೋಕೆಮಾನ್ ತೋರಿಸುವ ಪೋಕೆ ರಾಡಾರ್ ಹಿಡಿದು ಹುಲ್ಲಿನಲ್ಲಿ ಒಂದೇ ಜಾತಿಯದ್ದು ಸಾಲಾಗಿ ಎದುರಾಗುವ ಸರಣಿ ಕಟ್ಟಬಹುದು. ಬೇರೆ ಪೋಕೆಮಾನ್ ಹತ್ತಿರ ಬರದ ಹಾಗೆ ಸೂಪರ್ ರಿಪೆಲ್ ಹಾಕಿ, ನಾಲ್ಕು ಚೌಕ ದೂರದ, ಮೊದಲಿನಂತೆಯೇ ಅಲುಗಾಡುವ ಪೊದೆಗೆ ಮಾತ್ರ ಹೋಗಿ. ಸರಣಿ 40 ಮುಟ್ಟಿದರೆ ಶೈನಿ ಪೊದೆ 99ಕ್ಕೆ ಒಂದು. ಅಲ್ಲಿಗೆ ಬಂದ ಮೇಲೆ ಸರಣಿ ಬೆಳೆಸಬೇಡಿ, 50 ಹೆಜ್ಜೆ ನಡೆದು ರಾಡಾರ್ ತುಂಬಿಸಿ, ಹೊಳೆಯುವ ಪೊದೆ ಬರುವವರೆಗೆ ಮತ್ತೆ ಮತ್ತೆ ಒತ್ತಿ. ಶೈನಿ ಸಾಧ್ಯತೆ ಹೆಚ್ಚಿಸುವ ಶೈನಿ ಚಾರ್ಮ್‌ಗಾಗಿ ಕಷ್ಟಪಡುವವರು ಗಮನಿಸಿ, ಇಲ್ಲಿ ಅದರ ಪ್ರಭಾವ ಮೊಟ್ಟೆಗಳಿಗೆ ಮಾತ್ರ, ಕಾಡಿನವಕ್ಕಲ್ಲ.

2022ರ ಮೇಯಿಂದ ಪೋಕೆಮಾನ್ ಹೋಮ್ (ಆಟದಿಂದ ಆಟಕ್ಕೆ ಪೋಕೆಮಾನ್ ಸಾಗಿಸುವ ಸೇವೆ) ಜೋಡಣೆ ಇದೆ. ನ್ಯಾಷನಲ್ ಡೆಕ್ಸಿನ ಮೊದಲ 493ರ ಒಳಗಿನವು ಮಾತ್ರ ಈ ಆಟಕ್ಕೆ ಬರುತ್ತವೆ, ಸ್ಪಿಂಡಾ ಮತ್ತು ನಿಂಕಾಡಾಗಳಿಗೆ ಅದೂ ಇಲ್ಲ. ಯಾವ ಆವೃತ್ತಿ ಎಂದು ಕೇಳುವವರಿಗೆ: ಹೊ-ಓ ಮತ್ತು ರೈಕೌ, ಎಂಟೆ, ಸುಯಿಕ್ಯೂನ್ ಬೇಕಿದ್ದರೆ ಬ್ರಿಲಿಯಂಟ್ ಡೈಮಂಡ್, ಲೂಗಿಯಾ ಮತ್ತು ಮೊದಲ ಆಟಗಳ ಕ್ಯಾಂಟೋ ಪ್ರದೇಶದ ಮೂರು ಹಕ್ಕಿಗಳು ಬೇಕಿದ್ದರೆ ಶೈನಿಂಗ್ ಪರ್ಲ್.