ಜಾಗ, ವಕೀಲರು, ಸಾಲ ಮೂರನ್ನೂ ಒಬ್ಬನೇ ಮಾಡಿಸಿಕೊಡ್ತೇನೆ ಅಂದರೆ ಎದ್ದು ಬನ್ನಿ

ಬರೆಯೋದಾ ಬೇಡ್ವಾ ಅಂತ ಹದಿನೈದು ದಿನ ಯೋಚಿಸಿದೆ. ನಾಚಿಕೆಯ ವಿಷಯ. ಶಿರಸಿ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುವವನು ಹೀಗೆ ಬಿದ್ದೆ ಅಂತ ಹೇಳಿಕೊಳ್ಳಲು ಮುಖವಿಲ್ಲ. ಆದರೆ ಅದೇ ಜಾಗವನ್ನು ಈಗ ಬೇರೆಯವರಿಗೆ ತೋರಿಸುತ್ತಿದ್ದಾರಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಕುಮಟಾ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, 5 ಗುಂಟೆ ಜಾಗ. ಅದರಲ್ಲೊಂದು ಹಳೇ ಹಂಚಿನ ಮನೆ. 28 ಲಕ್ಷ. ರಿಪೇರಿ ಮಾಡಿಸಿ ಗೋಕರ್ಣಕ್ಕೆ ಬರುವವರಿಗೆ ಬಾಡಿಗೆಗೆ ಬಿಡೋಣ, ಆ ದುಡ್ಡಲ್ಲೇ ಕಂತು ಕಟ್ಟೋಣ ಅಂತ ನನ್ನ ಲೆಕ್ಕ. ಏಜೆಂಟರ ಮಾತು ಬೆಣ್ಣೆಯ ಹಾಗೆ. "ತಲೆಬಿಸಿ ಮಾಡ್ಕೋಬೇಡಿ ಮಾರಾಯ್ರೆ. ವಕೀಲರು ನಮ್ಮವರೇ. ಸಾಲ ಮಾಡಿಸೋ ಹುಡುಗನೂ ನಮ್ಮವನೇ. ನೀವು ಬಂದು ಸಹಿ ಹಾಕಿದ್ರೆ ಆಯ್ತು." ನಮ್ಮವರು ಅಂದರೆ ಯಾರವರು ಅಂತ ನಾನು ಕೇಳಲೇ ಇಲ್ಲ ನೋಡಿ.

ಮುಂಗಡ 2 ಲಕ್ಷ ಕೊಟ್ಟೆ. ಅದರಲ್ಲಿ ಒಂದೂವರೆ ಲಕ್ಷ ನಗದು. ಜಾಗದ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಜಾಸ್ತಿ ನಗದು ಕೊಡು-ಕೊಳ್ಳುವ ಹಾಗಿಲ್ಲ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಕರಾರು ಸ್ಟಾಂಪ್ ಪೇಪರ್ ಮೇಲೆ ಆಯಿತು, ನೋಂದಣಿ ಮಾಡಿಸಲಿಲ್ಲ. ವಕೀಲರಿಗೆ 8 ಸಾವಿರ. ಸಾಲದ ಹುಡುಗನಿಗೆ 'ಫೈಲ್ ಚಾರ್ಜ್' ಅಂತ 15 ಸಾವಿರ.

ಆ ಹುಡುಗನ ಹತ್ತಿರ ನಾನೇ ಕೇಳಿದ್ದೆ. ಐಟಿ ರಿಟರ್ನ್ಸ್‌ನಲ್ಲಿ ನನ್ನ ಆದಾಯ ವರ್ಷಕ್ಕೆ 4 ಲಕ್ಷ 20 ಸಾವಿರ ಅಷ್ಟೇ ಇದೆ, ಸಾಕಾಗುತ್ತಾ ಅಂತ. "ಅಡಿಕೆ ಮಾರಿದ ಪಟ್ಟಿ ಇದೆಯಲ್ಲ, ಸಾಕು. ಶೇಕಡಾ 90 ಸಾಲ ಪಕ್ಕಾ" ಅಂದ. 30 ಲಕ್ಷದೊಳಗಿನ ಮನೆ ಸಾಲಕ್ಕೆ ಶೇಕಡಾ 90 ಅನ್ನೋದು ರಿಸರ್ವ್ ಬ್ಯಾಂಕ್ ಹಾಕಿದ ಮೇಲ್ಮಿತಿ. ಎಲ್ಲರಿಗೂ ಅಷ್ಟು ಕೊಡಬೇಕು ಅಂತ ಎಲ್ಲೂ ಇಲ್ಲ. ಇದು ಆಮೇಲೆ ಗೊತ್ತಾಯಿತು.

ಮೂರು ವಾರ "ಆಗ್ತಾ ಇದೆ, ಆಗ್ತಾ ಇದೆ". ಕೊನೆಗೆ ನಾನೇ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆಯವರು, ಕೂರಿಸಿ ಹೇಳಿದರು. 25 ಲಕ್ಷಕ್ಕೆ ಶೇಕಡಾ 9ರ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 22,500 ಕಂತು. ನಿಮ್ಮ ರಿಟರ್ನ್ಸ್ ಪ್ರಕಾರ ತಿಂಗಳ ಆದಾಯವೇ 35 ಸಾವಿರ, ಅದರಲ್ಲಿ ಕಾರಿನ ಕಂತು ಬೇರೆ. ಹೇಗೆ ಕೊಡೋದು? ಅಡಿಕೆ ಪಟ್ಟಿಯನ್ನು ಮುಟ್ಟಿಯೂ ನೋಡಲಿಲ್ಲ.

ಅದು ಹಾಳಾಗಲಿ. ಆಮೇಲೆ ಅವರು ಪಹಣಿ ತಿರುವಿದರು. ಬಿನಶೇತ್ಕಿ ಆದೇಶವನ್ನು, ಅಂದರೆ ಗದ್ದೆ-ತೋಟದ ಜಾಗವನ್ನು ಮನೆಯಂಥ ಬೇರೆ ಬಳಕೆಗೆ ಬದಲಾಯಿಸಿಕೊಟ್ಟ ಆದೇಶವನ್ನು (ಎನ್ಎ ಅಂತಲೂ ಅಂತಾರೆ), ಪಕ್ಕದಲ್ಲಿ ಇಟ್ಟುಕೊಂಡರು. "ಈ ಸರ್ವೆ ನಂಬರು ಒಟ್ಟು 24 ಗುಂಟೆ. ಎನ್ಎ ಆಗಿರೋದು ರಸ್ತೆ ಪಕ್ಕದ 10 ಗುಂಟೆ ಮಾತ್ರ. ನಿಮ್ಮ ಮನೆ ಇರೋದು ಹಿಂದಿನ ಭಾಗದಲ್ಲಿ ಅಲ್ವಾ?" ಅಂದರು. ಕೈಕಾಲು ತಣ್ಣಗಾಯಿತು. ಆ ಆದೇಶವನ್ನು ನಾನು ಹತ್ತು ಸಲ ನೋಡಿದ್ದೆ. ಸೀಲು ನೋಡಿದ್ದೆ, ಸಹಿ ನೋಡಿದ್ದೆ. ಎಷ್ಟು ಗುಂಟೆಗೆ ಅಂತ ನೋಡಿರಲಿಲ್ಲ! ನಾನು ಕೊಳ್ಳಲು ಹೊರಟ ಜಾಗ ಕಾಗದದಲ್ಲಿ ಇನ್ನೂ ಗದ್ದೆ. ಸರ್ವೆ ನಂಬರಿನ ಒಂದು ಭಾಗ ಮಾರಲು ಬೇಕಾದ 11ಇ ಅಳತೆ ನಕ್ಷೆ ಇಲ್ಲ. ಪಹಣಿಯಲ್ಲಿ ಮಾಲೀಕರ ಹೆಸರು ಇರುವ 9ನೇ ಕಾಲಂನಲ್ಲಿ ನಾಲ್ಕು ಹೆಸರು, ಕರಾರಿಗೆ ಸಹಿ ಹಾಕಿದ್ದು ಒಬ್ಬರೇ. ಮ್ಯಾನೇಜರ್ ಪಾಪ ನೀರು ತರಿಸಿ ಕೊಟ್ಟರು.

ಹೊರಗೆ ಬಂದು ವಕೀಲರಿಗೆ ಫೋನ್ ಮಾಡಿದೆ. ಅವರ ಉತ್ತರ ಕೇಳಿ. "ಕೊಟ್ಟ ಕಾಗದದ ಮೇಲೆ ಅಭಿಪ್ರಾಯ ಕೊಟ್ಟಿದ್ದೇನೆ. ಆದೇಶ ಯಾವ ಭಾಗಕ್ಕೆ ಅಂತ ನೀವು ಕೇಳಲಿಲ್ಲ." ನಾನು ಕೇಳಲಿಲ್ಲವಂತೆ! ಹಾಗಾದರೆ 8 ಸಾವಿರ ಯಾವುದಕ್ಕೆ? ಆಮೇಲೆ ತಿಳಿಯಿತು, ಜಾಗದ ಮಾಲೀಕರ ಕೇಸು ನೋಡುವವರೂ ಇವರೇ.

ಏಜೆಂಟರದ್ದು ಇನ್ನೂ ಚೆಂದ. "ನಿಮಗೆ ಸಾಲ ಸಿಗದಿದ್ದರೆ ನಾವೇನು ಮಾಡೋಣ? ಮುಂಗಡ ವಾಪಸ್ ಕೊಡೋ ಪದ್ಧತಿ ಇಲ್ಲ." ಸಾಲ ಮಾಡಿಸ್ತೇನೆ ಅಂದವರು ಇವರೇ ಅಲ್ವಾ! ಆ ಹುಡುಗ ನನ್ನ ಫೋನೇ ಎತ್ತಲಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಒಂದೇ ವಾರದಲ್ಲಿ ಐದು ಕಡೆ ನನ್ನ ಹೆಸರಲ್ಲಿ ಅರ್ಜಿ ಹಾಕಿದ್ದ. ಪ್ರತಿ ಅರ್ಜಿಯೂ ನಮ್ಮ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ದಾಖಲಾಗುತ್ತದೆ. 761 ಇದ್ದ ಸ್ಕೋರ್ 718ಕ್ಕೆ ಬಂದಿದೆ.

ಜಾಗ ನೋಡುವ ಮೊದಲೇ ಬ್ಯಾಂಕಿಗೆ ಹೋಗಿ, ನಿಮಗೆ ಎಷ್ಟು ಸಾಲ ಸಿಗುತ್ತದೆ ಅಂತ ಕೇಳಿ. ಸಿಬಿಲ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ, ನೀವೇ ತೆಗೆದು ನೋಡಿ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಸಾಮಾನ್ಯವಾಗಿ ಕೈಯಿಂದಲೇ ಹೋಗುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ. ವಕೀಲರನ್ನು ನೀವೇ ಹುಡುಕಿ, ಬೇಕಾದರೆ ಬೇರೆ ಊರಿನವರನ್ನೇ. ನಗದು ಕೊಡಲೇಬೇಡಿ.

ಬ್ಯಾಂಕ್ ಮೂಲಕ ಕೊಟ್ಟ 50 ಸಾವಿರ ಹೇಗೋ ಜಗಳ ಮಾಡಿದ ಮೇಲೆ ಬಂತು. ನಗದಿಗೆ ಮಾತ್ರ "ಯಾವ ನಗದು?" ಅನ್ನುತ್ತಿದ್ದಾರೆ. ಸೋಮವಾರ ಮತ್ತೆ ದೇವಿಮನೆ ಘಾಟ್ ಇಳಿಯಬೇಕು. ಈ ಸಲ ಭಾವನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.