ಎಣಿಕೆ ಕಲಿಸಲು ಆ್ಯಪ್, ಮಣಿಚೌಕಟ್ಟು, ಅಳಗುಳಿ ಮಣೆ: ನಮ್ಮ ಮನೆಯಲ್ಲಿ ಉಳಿದದ್ದು

ಮೊದಲೇ ಹೇಳಿಬಿಡುತ್ತೇನೆ. ಮೂರನ್ನೂ ತಿಂಗಳುಗಟ್ಟಲೆ ಬಳಸಿ ನೋಡಿದ ಮೇಲೆ ನಮ್ಮ ಮನೆಯಲ್ಲಿ ದಿನಾ ಕೈಗೆ ಬರುವುದು ಅತ್ತೆಯವರ ಹಳೇ ಅಳಗುಳಿ ಮಣೆ ಮತ್ತು ಒಂದು ಡಬ್ಬಿ ಹುಣಸೆಬೀಜ. ಫೋನಿನ ಆ್ಯಪ್‌ಗೆ ವರ್ಷದ ಚಂದಾ 1,499 ರೂಪಾಯಿ ಕಟ್ಟಿದ್ದೆ, ಮುಂದುವರಿಸಲಿಲ್ಲ. ಚನ್ನಪಟ್ಟಣದ ಮಣಿಚೌಕಟ್ಟು ಶೆಲ್ಫಿನ ಮೇಲಿದೆ, ಅದರ ಕಾಲ ಇನ್ನೂ ಬಂದಿಲ್ಲ.

ಆ್ಯಪ್ ಕೊಂಡಿದ್ದು ಹೆದರಿಕೆಗೆ. ಮಗಳಿಗೆ ಆಗ ನಾಲ್ಕೂವರೆ ವರ್ಷ. ಎಲ್‌ಕೆಜಿ ಸೇರಿ ಮೂರೇ ತಿಂಗಳಿಗೆ ‘50ರವರೆಗೆ ಬರೆಸಿ’ ಅಂತ ಡೈರಿಯಲ್ಲಿ ಬಂತು. ಚಿಕ್ಕ ಮಕ್ಕಳ ಓದು-ಬರಹ, ಲೆಕ್ಕಕ್ಕೆಂದು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಗಳನ್ನು ನಾನು ಓದಿದ್ದು ಆಮೇಲೆ. ಒಂದನೇ ತರಗತಿಗೆ ಮುಂಚಿನ ಬಾಲವಾಟಿಕಾ ಮಗು 10ರವರೆಗಿನ ಅಂಕಿ ಗುರುತಿಸಿ ಓದಿದರೆ ಸಾಕು, 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯ ಪಾಲಿನದು. ಇದು ಮೊದಲೇ ಗೊತ್ತಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಆ್ಯಪ್‌ನಲ್ಲಿ ಅವಳು ತಪ್ಪುತ್ತಲೇ ಇರಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಸಂಜೆ ತಟ್ಟೆಗೆ ಆರು ಕೋಡುಬಳೆ ಹಾಕಿ ‘ಎಷ್ಟಿದೆ ಎಣಿಸು ಪುಟ್ಟಿ’ ಅಂದೆ. ಒಂಬತ್ತು ಅಂದಳು. ಇನ್ನೊಮ್ಮೆ ಎಣಿಸಿದಾಗ ಎಂಟು. ಬಾಯಿ ಮುಂದೆ ಓಡುತ್ತಿತ್ತು, ಬೆರಳು ಹಿಂದೆ ಉಳಿಯುತ್ತಿತ್ತು, ಮುಟ್ಟಿದ್ದನ್ನೇ ಮತ್ತೆ ಮುಟ್ಟುತ್ತಿದ್ದಳು.

ಪಕ್ಕದಲ್ಲಿ ಕೂತು ನೋಡಿದಾಗ ಕಾರಣ ತಿಳಿಯಿತು. ಪರದೆಯ ಮೇಲಿನ ಮಾವಿನಹಣ್ಣು ಮುಟ್ಟಿದ ಕೂಡಲೇ ಬಣ್ಣ ಬದಲಿಸುತ್ತದೆ, ಸಂಖ್ಯೆಯನ್ನು ಫೋನೇ ಹೇಳುತ್ತದೆ. ಮುಟ್ಟಿದ ಹಣ್ಣನ್ನು ಮತ್ತೆ ಮುಟ್ಟಿದರೆ ಏನೂ ಆಗುವುದಿಲ್ಲ. ಯಾವುದು ಎಣಿಸಿದ್ದು, ಯಾವುದು ಬಾಕಿ ಅಂತ ನೆನಪಿಡುವುದು, ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳುವುದು, ಎಣಿಕೆಯ ಕಷ್ಟವೆಲ್ಲ ಇರುವುದು ಇದರಲ್ಲೇ. ಆ ಕೆಲಸವನ್ನೆಲ್ಲ ಆ್ಯಪ್ ಮಾಡಿಕೊಡುತ್ತಿತ್ತು. ಅವಳು ಬಣ್ಣ ಬದಲಾಗದ ಹಣ್ಣು ಹುಡುಕುತ್ತಿದ್ದಳು, ಅಷ್ಟೇ. ಕೋಡುಬಳೆ ಮುಟ್ಟಿದರೆ ಬಣ್ಣ ಬದಲಾಗುವುದಿಲ್ಲವಲ್ಲ.

ಕೊನೆಯ ಹಣ್ಣು ಮುಟ್ಟಿದ್ದೇ ತಡ, ‘ಒಟ್ಟು ಏಳು!’ ಅಂತ ಫೋನು ಕೂಗಿ ನಕ್ಷತ್ರ ಸುರಿಸುತ್ತದೆ. ಕಡೆಗೆ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ ಅನ್ನುವುದು ಮಗುವಿಗೆ ಹೊಳೆಯಬೇಕಾದ ಗಳಿಗೆ ಅದು. ಹೊಳೆಯಲು ಅದು ಬಿಡುವುದೇ ಇಲ್ಲ. ತಟ್ಟೆಯದ್ದನ್ನು ಸರಿಯಾಗಿ ಎಣಿಸಿದ ದಿನವೂ ‘ಹಾಗಾದ್ರೆ ಒಟ್ಟು ಎಷ್ಟು?’ ಅಂದರೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಬಣ್ಣ, ದನಿ ನಿಲ್ಲಿಸಲು ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಇರಲಿಲ್ಲ.

ಶ್ರಾವಣದಲ್ಲಿ ಅತ್ತೆ ಅಟ್ಟದಿಂದ ಮಣೆ ಇಳಿಸಿದರು. ಕರಾವಳಿಯವರು ಚೆನ್ನೆಮಣೆ ಅನ್ನುವುದು ಇದನ್ನೇ. ಎರಡು ಸಾಲು, ಸಾಲಿಗೆ ಏಳು ಗುಳಿ. ನಮ್ಮ ಮನೆಯ ಲೆಕ್ಕದಲ್ಲಿ ಗುಳಿಗೆ ಐದು ಬೀಜ. ಒಂದು ಗುಳಿಯದನ್ನು ಎತ್ತಿ ಮುಂದಿನವಕ್ಕೆ ಒಂದೊಂದೇ ಹಾಕುತ್ತಾ ಹೋಗಬೇಕು. ಎರಡು ಜಾರಿ ಬಿದ್ದರೆ ಎದುರಿಗೆ ಕೂತ ಅಜ್ಜಿ ಬಿಡುವುದಿಲ್ಲ: ‘ಏ, ಇಲ್ಲಿ ಎರಡು ಬಿತ್ತು ನೋಡು, ಒಂದು ತೆಗಿ.’ ಕೈಬಿಟ್ಟ ಬೀಜ ಎಣಿಕೆಗೆ ಮತ್ತೆ ಸಿಗುವುದಿಲ್ಲ, ಕೈ ಬರಿದಾದರೆ ಎಣಿಕೆ ಮುಗಿಯಿತು.

ಮೂರನೇ ವಾರದ ಹೊತ್ತಿಗೆ ಅವಳು ಬೀಜ ಎತ್ತುವ ಮುಂಚೆಯೇ ಮುಂದಿನ ಗುಳಿಗಳ ಅಂಚನ್ನು ಬೆರಳಿಂದ ಒಂದೊಂದಾಗಿ ಒತ್ತುತ್ತಾ ಹೋಗಿ ಐದನೆಯದರಲ್ಲಿ ನಿಲ್ಲುತ್ತಿದ್ದಳು. ಕೊನೆಯ ಬೀಜ ಎಲ್ಲಿ ಬೀಳುತ್ತದೆ ಅಂತ ನೋಡುವುದು. ಯಾರೂ ಹೇಳಿಕೊಟ್ಟದ್ದಲ್ಲ. ಮೂರು ಬೀಜವಿದ್ದರೆ ಈಗ ಎಣಿಸುವುದೇ ಇಲ್ಲ, ನೋಡಿದ ಕೂಡಲೇ ‘ಮೂರು’. ಆಟ ಮುಗಿದ ಮೇಲೆ ಇಬ್ಬರೂ ಗೆದ್ದ ಬೀಜಗಳನ್ನು ಎದುರುಬದುರು ಸಾಲಾಗಿ ಜೋಡಿಸುತ್ತಾರೆ. ಜೋಡಿ ಸಿಗದೆ ಉಳಿದವನ್ನು ತೋರಿಸಿ ‘ಅಜ್ಜೀ, ನಂಗೆ ನಾಲ್ಕು ಜಾಸ್ತಿ’ ಅನ್ನುತ್ತಾಳೆ. ಕಳೆಯುವ ಲೆಕ್ಕದ ಗುರುತು ಅವಳಿನ್ನೂ ಕಂಡಿಲ್ಲ.

ಮಣಿಚೌಕಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ಕಂಬಿ, ಕಂಬಿಗೆ ಹತ್ತು ಮಣಿ, ಅರಗಿನ ಬಣ್ಣ ಕಣ್ಣಿಗೆ ಹಿತ. ಹದಿಮೂರು ಅಂದರೆ ಒಂದು ಕಂಬಿ ಪೂರ್ತಿ, ಕೆಳಗಿನದರಲ್ಲಿ ಮೂರು ಅಂತ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಂದು ತಳ್ಳಿದರೆ ಎರಡು ಸರಿಯುತ್ತವೆ, ಮಣಿ ಬಿಚ್ಚಿ ಇನ್ನೊಬ್ಬರ ಕೈಗೆ ಕೊಡಲಾಗುವುದಿಲ್ಲ. ಮುಂದಿನ ವರ್ಷ ಇಳಿಸುತ್ತೇನೆ.

ಅಂಕಿ ತಿದ್ದುವ ವರ್ಕ್‌ಬುಕ್ಕಿನಿಂದ ಅಕ್ಷರ ದುಂಡಗಾಯಿತು, ಎಣಿಕೆಗೆ ಉಪಯೋಗವಾಗಲಿಲ್ಲ.

ನಾನು ಕೆಲಸದಿಂದ ಬರುವಾಗ ಆರೂವರೆ, ನೇರ ಒಲೆಯ ಮುಂದೆ. ಅತ್ತೆ ಇದ್ದಾರೆ, ಅವರಿಗೆ ಆಟ ಬರುತ್ತದೆ, ಅದಕ್ಕೇ ಮಣೆ ನಮಗೆ ಒಗ್ಗಿತು. ಇದಕ್ಕೆ ಎದುರಿಗೊಬ್ಬರು ಬೇಕೇ ಬೇಕು. ನಿಮ್ಮಲ್ಲಿ ಸಂಜೆ ಯಾರೂ ಇಲ್ಲದಿದ್ದರೆ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನೀವೇ ಕೂತರೂ ಆದೀತು. ಮಣೆ ಕೊಳ್ಳಬೇಕೆಂದೇನಿಲ್ಲ. 30 ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಎರಡು ಸಾಲು ಕತ್ತರಿಸಿಕೊಂಡರೆ ಸಾಲಿಗೆ ಆರು ಗುಳಿ ಸಿಗುತ್ತವೆ, ಕಲಿಯಲು ಅಷ್ಟು ಸಾಕು. ಹುಣಸೆಬೀಜ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ.

ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಹುಷಾರು, ಬೀಜ ಮೂಗಿಗೂ ಹೋಗುತ್ತದೆ, ಗಂಟಲಿಗೂ ಹೋಗುತ್ತದೆ. ನನ್ನ ಚಿಕ್ಕವನಿಗೆ ಒಂದೂವರೆ. ಆದ್ದರಿಂದ ಆಟವಾದ ಮೇಲೆ 70 ಬೀಜವೂ ಇದೆಯೇ ಅಂತ ನೋಡಿ ಡಬ್ಬಿಗೆ ಹಾಕುವುದು ಮಗಳದೇ ಕೆಲಸ. ನೆಲದ ಮೇಲೆ ಹತ್ತತ್ತರ ಗುಡ್ಡೆ ಮಾಡುತ್ತಾಳೆ. ಏಳು ಗುಡ್ಡೆಯಾದರೆ ಮುಚ್ಚಳ ಹಾಕುತ್ತಾಳೆ, ಕೊನೆಯ ಗುಡ್ಡೆಯಲ್ಲಿ ಒಂಬತ್ತೇ ಇದ್ದರೆ ಸೋಫಾದ ಕೆಳಗೆ ಟಾರ್ಚ್ ಹಿಡಿದು ಮಲಗುತ್ತಾಳೆ.