ಡಿಸ್ಕ್ ಹಾಕಿಸಿದ ಜೀಪಿಗೆ ಯಾವ ಮಾಸ್ಟರ್ ಸಿಲಿಂಡರ್? ನನ್ನ ಓಟು 7/8ಕ್ಕೆ

ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನ ಚಕ್ರಗಳಿಗೆ ಒತ್ತೋದೇ ಮಾಸ್ಟರ್ ಸಿಲಿಂಡರ್. ಈಗ ನನ್ನ ಜೀಪಲ್ಲಿ ಇರೋದು 7/8 ಇಂಚು ಒಳವ್ಯಾಸದ ಟ್ಯಾಂಡೆಮ್ ಸಿಲಿಂಡರ್, ಅಂದ್ರೆ ಎಣ್ಣೆಗೆ ಎರಡು ಬೇರೆ ಬೇರೆ ದಾರಿ ಇರೋದು, ಅದನ್ನ ಬಿಚ್ಚೋ ಮಾತೇ ಇಲ್ಲ. ಅಲ್ಲಿಗೆ ಬರೋಕೆ ಮುಂಚೆ ಒಂದಿಂಚಿನದ್ದಕ್ಕೆ ದುಡ್ಡು ಸುರಿದಿದ್ದೆ ಅನ್ನೋದೇ ಬೇಜಾರು.

ಗಾಡಿ ಹಳೇ ಡೀಸೆಲ್ ಜೀಪು. ಮುಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದ್ದೀನಿ. ಕಾಲಿನ ಬಲಕ್ಕೆ ವ್ಯಾಕ್ಯೂಮಿಂದ ಇನ್ನಷ್ಟು ಬಲ ಸೇರಿಸೋ ಬೂಸ್ಟರ್ ಇಲ್ಲ. ಡೀಸೆಲ್ ಇಂಜಿನ್ನಿಗೆ ಬೂಸ್ಟರ್ ಕೂಡಿಸಬೇಕಂದ್ರೆ ವ್ಯಾಕ್ಯೂಮ್ ಪಂಪ್ ಇರೋ ಆಲ್ಟರ್ನೇಟರೂ ಬೇಕು, ಆ ದುಡ್ಡು ಆಗಲೇ ಟೈರಿಗೆ ಹೋಗಿತ್ತು.

ಗಾಡಿ ಜೊತೆ ಬಂದಿದ್ದ ಸಿಂಗಲ್ ಸಿಲಿಂಡರನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಎಲ್ಲೋ ಒಂದು ಪೈಪ್ ಒಡೆದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋದಂಗೆ.

ಒಂದಿಂಚಿನದ್ದು ಅಂಗಡಿಯವರ ಮಾತು ಕೇಳಿ ತಂದಿದ್ದು. "ಡಿಸ್ಕ್ ಅಂದ್ಮೇಲೆ ದೊಡ್ಡದೇ ಹಾಕಿ ಸಾರ್" ಅಂದ್ರು. ಪೆಡಲ್ ಕಲ್ಲಾಯ್ತು. ಬಳ್ಳಾರಿ ರಾಯಲ್ ಸರ್ಕಲ್ಲಲ್ಲಿ ಸೀಟಿಂದ ಎದ್ದು ನಿಂತು ತುಳಿದಂಗೆ ತುಳಿದ್ರೂ ಮುಂದಿದ್ದ ಆಟೋಗೆ ಗೇಣು ದೂರದಲ್ಲಿ ನಿಂತೆ. ಪಿಸ್ಟನ್ ದಪ್ಪ ಆದಷ್ಟೂ ಅದೇ ಕಾಲಿನ ಬಲಕ್ಕೆ ಒತ್ತಡ ಕಡಿಮೆ. 7/8ರದ್ದಕ್ಕಿಂತ ಇದರ ಪಿಸ್ಟನ್ನಿನ ವಿಸ್ತೀರ್ಣ ಸುಮಾರು ಶೇ. 30 ಜಾಸ್ತಿ. ಡ್ರಮ್ಮಿನ ಲೈನರ್ ತಿರುಗೋ ರಭಸಕ್ಕೆ ತಾನೇ ಕಚ್ಚಿಕೊಳ್ಳುತ್ತೆ, ಡಿಸ್ಕಿನ ಪ್ಯಾಡಿಗೆ ಆ ಗುಣ ಇಲ್ಲ, ಅದಕ್ಕೇ ಒತ್ತಡ ಜಾಸ್ತಿ ಬೇಕು.

7/8 ಹಾಕಿದ್ಮೇಲೆ ಪೆಡಲ್ ಒಂದು ಬೆರಳು ಜಾಸ್ತಿ ಕೆಳಗಿಳಿಯುತ್ತೆ, ಆದ್ರೆ ಹಿಡಿಯುತ್ತೆ.

ತಲೆನೋವು ಬಂದಿದ್ದು ಪುಶ್ ರಾಡಿಂದ, ಪೆಡಲ್ ತುಳಿದಾಗ ಸಿಲಿಂಡರಿನ ಪಿಸ್ಟನ್ ಒತ್ತೋ ಕಡ್ಡಿ ಅದು. ನಾನೇ ಮನೆ ಮುಂದೆ ಕೂತು ಸಿಲಿಂಡರ್ ಹಾಕಿದ್ದು, ರಾಡ್ ಮಾತ್ರ ಹಳೇದೇ ಬಿಟ್ಟಿದ್ದೆ. ಏಪ್ರಿಲ್ ಬಿಸಿಲಲ್ಲಿ ಸಂಡೂರಿಗೆ ಹೊರಟೆ. ತೋರಣಗಲ್ಲು ದಾಟೋಷ್ಟರಲ್ಲಿ ಗಾಡಿ ಎಳೀತಾನೇ ಇಲ್ಲ. ಅದಿರು ಲಾರಿಗಳು ಹಾರ್ನ್ ಹೊಡ್ಕೊಂಡು ಪಕ್ಕದಲ್ಲೇ ಹೋಗ್ತಿವೆ. ಸೈಡಿಗೆ ಹಾಕಿ, ನ್ಯೂಟ್ರಲ್ ಮಾಡಿ ತಳ್ಳಿದೆ, ಜಗ್ಗಲಿಲ್ಲ. ಮುಂದಿನ ಚಕ್ರದ ಹತ್ರ ಕೈ ಒಯ್ದ್ರೆ ಹಂಚಿನ ಕಾವು, ಸುಟ್ಟ ಪ್ಯಾಡಿನ ವಾಸನೆ. ಸ್ಪ್ಯಾನರ್ ಹಾಕಿ, ಬ್ರೇಕಿನ ಗಾಳಿ ತೆಗೆಯೋ ಬ್ಲೀಡರ್ ನಿಪ್ಪಲ್ ಒಂಚೂರು ಸಡಿಲಿಸಿದೆ. ಎಣ್ಣೆ ಚಿರ್ರಂತ ಹಾರಿತು, ಚಕ್ರ ಬಿಟ್ಟಿತು. ಹಾಗೇ ಎರಡು ಕಡೆ ನಿಲ್ಲಿಸಿ ನಿಲ್ಲಿಸಿ ಬಳ್ಳಾರಿಗೆ ವಾಪಸ್.

ಕೌಲ್ ಬಜಾರಿನ ಮೆಕ್ಯಾನಿಕ್ ನೋಡಿದ ಕೂಡ್ಲೇ ನಕ್ಕ. "ರಾಡ್ ಉದ್ದ ಆಗೈತೆ ಸಾರ್. ನೀವು ಕಾಲು ತೆಗೆದ್ರೂ ಅದು ಒತ್ಕೊಂಡೇ ಐತೆ." ಹೊಸ ಪಿಸ್ಟನ್ನಿನಲ್ಲಿ ರಾಡಿನ ತುದಿ ಕೂರೋ ಗುಳಿ ಹಳೇದಷ್ಟು ಆಳ ಇರಲಿಲ್ಲ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದಿದ್ರೆ ಬ್ರೇಕ್ ಎಣ್ಣೆ ಟ್ಯಾಂಕಿಗೆ ಹೋಗೋ ಸಣ್ಣ ತೂತು ಮುಚ್ಚೇ ಇರುತ್ತೆ. ಎಣ್ಣೆ ಕಾದು ಹಿಗ್ಗಿದ್ರೆ ಹೋಗೋಕೆ ದಾರಿ ಇಲ್ಲ, ಬ್ರೇಕ್ ತಾನೇ ಹಿಡ್ಕೊಳ್ಳುತ್ತೆ. ರಾಡ್ ಕೊಯ್ದು, ಥ್ರೆಡ್ ಹಾಕಿ, ಲಾಕ್ ನಟ್ ಕೂಡಿಸಿ ಒಂದು ಮಿಲಿಮೀಟರಿನಷ್ಟು ಆಟ ಬಿಟ್ಟ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಹುಡುಗನಿಗೆ ಪೆಡಲ್ ಸುಮ್ಮನೆ ಮುಟ್ಟೋಕೆ ಹೇಳಿದ. ಎಣ್ಣೆ ಪುಳಕ್ಕಂತ ಮೇಲೆದ್ದಿತು. ಆ ತೂತು ತೆರೆದಿದೆ ಅಂತ ಗೊತ್ತಾಗೋದು ಹಾಗೆ.

ಬ್ರೇಕ್ ಎಣ್ಣೆ 7/8ಕ್ಕೂ ಒಂದಿಂಚಿನದ್ದಕ್ಕೂ ಡಾಟ್ 4 ದರ್ಜೆಯದ್ದೇ. ಗಾಡಿಗೆ ಕೂಡಿಸೋಕೆ ಮುಂಚೆ ಸಿಲಿಂಡರನ್ನ ವೈಸಿಗೆ ಕಟ್ಟಿ ಗಾಳಿ ತೆಗೀಬೇಕು, ಅದೂ ಎರಡಕ್ಕೂ.

ನಾನು ಅರವತ್ತು ದಾಟಿಸೋನಲ್ಲ, ಭಾನುವಾರ ಸಂಡೂರು ಘಾಟಿ ಇಳಿದು ಬರೋನು, ಬೂಸ್ಟರಿಗೆ ದುಡ್ಡಿಲ್ಲ. ನನಗೆ 7/8 ಸಾಕು. ಒಂದಿಂಚಿನದ್ದನ್ನ ಬೂಸ್ಟರ್ ಇರೋ ಗೆಳೆಯ ಅರ್ಧ ರೇಟಿಗೆ ತಗೊಂಡ. ಅವನ ಜೀಪಲ್ಲಿ ಪೆಡಲ್ ಬೆಣ್ಣೆ ಥರ ಇದೆ. ಆ ಅರ್ಧದಲ್ಲೂ ಅರ್ಧ ಇನ್ನೂ ಬರಬೇಕು.